ರಕ್ತವೋ, ಮಜ್ಜೆಯೋ, ಜೀನ್ ಚಿಕಿತ್ಸೆಯೋ: ತಲಸ್ಸೇಮಿಯಾ ಮಗುವಿರುವ ಮನೆಗೆ ಒಂದು ಹೋಲಿಕೆ

ಮೂರು ವಾರಕ್ಕೊಮ್ಮೆ ನಸುಕಿನಲ್ಲೇ ಎದ್ದು ಮಗಳನ್ನು ಕರೆದುಕೊಂಡು ಕಲಬುರಗಿಯ ಆಸ್ಪತ್ರೆಗೆ ಹೋಗುತ್ತೇನೆ. ಅವಳಿಗೆ ಈಗ 9 ವರ್ಷ. ಸೂಜಿ ಕಂಡರೆ ಅಳುವ ವಯಸ್ಸು ದಾಟಿದ್ದಾಳೆ. "ಅಕ್ಕಾ, ಎಡಗೈಗೆ ಹಾಕ್ರಿ, ಬಲಗೈಲೆ ಹೋಂವರ್ಕ್ ಬರಿಯೋದದ" ಎಂದು ನರ್ಸ್‌ಗೆ ತಾನೇ ಹೇಳುತ್ತಾಳೆ. ಅಕ್ಕಪಕ್ಕದ ಮಂಚಗಳಲ್ಲಿ ಆಳಂದ, ಜೇವರ್ಗಿ, ಶಹಾಪುರ, ಹುಮನಾಬಾದ್ ಕಡೆಯ ಮಕ್ಕಳು. ಹೊಸದಾಗಿ ಬಂದ ತಾಯಂದಿರು ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ ನನ್ನ ಹತ್ತಿರ ಬಂದು ಕೂತು ಅದೇ ಮಾತು ಕೇಳುತ್ತಾರೆ: "ಅಕ್ಕೋರೆ, ಇದು ಪೂರಾ ಆರಾಮ ಆಗ್ತದೋ ಇಲ್ಲೋ? ಬೋನ್ ಮ್ಯಾರೋ ಮಾಡ್ಸಿದ್ರ ಹೋಗ್ತದಂತ, ಖರೆ ಏನ್ರಿ?"

ರಕ್ತದ ಬ್ಯಾಗ್ ಇಳಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯಲು ಕೂತೆ. ನಾನು ಡಾಕ್ಟರಲ್ಲ. ಎಂಟು ವರ್ಷ ಡಾಕ್ಟರುಗಳನ್ನು ಕೇಳಿ, ರಿಪೋರ್ಟುಗಳನ್ನು ಜೋಡಿಸಿಟ್ಟು, ನಾಲ್ಕಾರು ಊರು ತಿರುಗಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ನಿಮ್ಮ ಮಗುವಿನ ವಿಷಯದಲ್ಲಿ ಕೊನೆಯ ಮಾತು ರಕ್ತರೋಗ ತಜ್ಞರದ್ದೇ.

ರೋಗ ಇರುವುದು ಎಲ್ಲಿ ಎಂಬುದು ತಿಳಿದರೆ ದಾರಿಗಳೂ ತಿಳಿಯುತ್ತವೆ. ನಮ್ಮ 11ನೇ ಕ್ರೋಮೋಸೋಮಿನಲ್ಲಿ ಬೀಟಾ ಗ್ಲೋಬಿನ್ ಎಂಬ ಜೀನ್ ಇದೆ. ಹಿಮೋಗ್ಲೋಬಿನ್ ಕಟ್ಟಲು ಅದು ಬೇಕು. ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು, ಎರಡೂ ಕೆಟ್ಟಿದ್ದರೆ ತಲಸ್ಸೇಮಿಯಾ ಮೇಜರ್. ಮೂಳೆಯ ಮಜ್ಜೆಯಲ್ಲಿರುವ ಆಕರ ಕೋಶಗಳಿಂದ, ಎಲ್ಲರ ಬಾಯಲ್ಲಿ ಓಡಾಡುವ ಸ್ಟೆಮ್ ಸೆಲ್‌ಗಳಿಂದ, ದಿನವೂ ಕೆಂಪು ರಕ್ತಕಣ ಹುಟ್ಟಬೇಕು. ಈ ಮಕ್ಕಳಲ್ಲಿ ಆ ಕಣಗಳು ಮಜ್ಜೆಯಲ್ಲೇ, ಅರ್ಧಕ್ಕೇ ಸಾಯುತ್ತವೆ. ಹಾಗಾಗಿ ಇರುವ ದಾರಿ ಮೂರು: ಹೊರಗಿನ ರಕ್ತ ಏರಿಸುತ್ತ ಹೋಗುವುದು, ಇನ್ನೊಬ್ಬರ ಆಕರ ಕೋಶಗಳನ್ನು ತಂದು ಕೂರಿಸುವುದು, ಇಲ್ಲವೇ ಮಗುವಿನ ಆಕರ ಕೋಶಗಳನ್ನೇ ಹೊರತೆಗೆದು ತಿದ್ದಿ ಹಿಂದಿರುಗಿಸುವುದು.

ರಿಪೋರ್ಟ್ ಮೊದಲು

ನನ್ನ ಮಗಳು ಏಳು ತಿಂಗಳಿಗೇ ಬಿಳಿಚಿಕೊಂಡಳು. ಮೊದಲು ತೋರಿಸಿದ ಕಡೆ "ರಕ್ತ ಕಮ್ಮಿ ಅದ" ಎಂದು ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಮೂರು ತಿಂಗಳು ಕುಡಿಸಿದೆ. ಆಮೇಲೆ ಬೇರೊಬ್ಬ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಗುಲ್ಮ ಉಬ್ಬಿದೆ ಎಂದು ಎಚ್‌ಪಿಎಲ್‌ಸಿ ಪರೀಕ್ಷೆಗೆ, ಅಂದರೆ ರಕ್ತದಲ್ಲಿ ಯಾವ ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡುವ ಪರೀಕ್ಷೆಗೆ, ಕಳಿಸಿದರು. ಮೊದಲ ಸಲ ರಕ್ತ ಏರಿಸುವ ಮುಂಚೆಯೇ ಈ ಪರೀಕ್ಷೆಗೆ ರಕ್ತ ತೆಗೆಸಬೇಕು. ಏರಿಸಿದ ಮೇಲೆ ದಾನಿಯ ರಕ್ತ ಬೆರೆತು ಉತ್ತರ ಕಲಸಿಹೋಗುತ್ತದೆ. ಈಗಾಗಲೇ ಏರಿಸಿ ಆಗಿದ್ದರೆ ತಂದೆ-ತಾಯಿ ಇಬ್ಬರದ್ದೂ ಪರೀಕ್ಷೆ, ಜೊತೆಗೆ ಮಗುವಿನ ಜೀನ್ ಪರೀಕ್ಷೆ ಮಾಡಿಸಬಹುದು.

ನಮ್ಮಿಬ್ಬರ ರಿಪೋರ್ಟಿನಲ್ಲೂ ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಶೇ 3.5ಕ್ಕಿಂತ ಮೇಲಿತ್ತು. ಅಂದರೆ ಇಬ್ಬರೂ ಮೈನರ್, ವಾಹಕರು. ನಮಗೆ ಯಾವ ಕಾಯಿಲೆಯೂ ಇಲ್ಲ. ನನ್ನ ಗಂಡ ನನ್ನ ಸೋದರಮಾವ. ನಮ್ಮ ಕಡೆ ಮನೆಮನೆಯಲ್ಲೂ ಇರುವ ಸಂಬಂಧವೇ. ಸಂಬಂಧದೊಳಗೆ ಮದುವೆಯಾದರೆ ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚುತ್ತದೆ. ಹಾಗಂತ ಸಂಬಂಧವೇ ಇಲ್ಲದ ಇಬ್ಬರು ವಾಹಕರು ಕೂಡಿದರೂ ಲೆಕ್ಕ ಅದೇ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮೇಜರ್, ಎರಡು ಪಾಲು ಮೈನರ್, ಒಂದು ಪಾಲು ಪೂರ್ತಿ ಸರಿ. ಇದರಲ್ಲಿ ಸೊಸೆಯ ಕಾಲ್ಗುಣ ಹುಡುಕುವವರಿಗೆ ಆ ಎರಡು ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ.

ರಕ್ತ ಏರಿಸುತ್ತ ಹೋಗುವ ದಾರಿ

ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ. ಏರಿಸುವ ಮುಂಚಿನ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕು ಎಂಬುದು ನಿಯಮ. "ಹುಡುಗ ಆಡ್ತಾ ಇದ್ದಾನ, ಇನ್ನೊಂದ್ ವಾರ ತಡೀರಿ" ಎಂದು 6ಕ್ಕೆ, 5ಕ್ಕೆ ಇಳಿಯುವ ತನಕ ಕಾದರೆ ಮಜ್ಜೆ ಹಿಗ್ಗಿ ಮುಖದ ಎಲುಬು ದಪ್ಪವಾಗುತ್ತದೆ, ಗುಲ್ಮ ಉಬ್ಬುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಸರ್ಕಾರಿ ರಕ್ತನಿಧಿಯಲ್ಲಿ ತಲಸ್ಸೇಮಿಯಾ ಮಕ್ಕಳಿಗೆ ರಕ್ತಕ್ಕೆ ಶುಲ್ಕವಿಲ್ಲ. ಕಷ್ಟ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಕಾಲೇಜುಗಳಿಗೆ ರಜೆ, ಶಿಬಿರಗಳು ಕಡಿಮೆ, ನಮ್ಮ ಕಡೆಯ ಬಿಸಿಲಿಗೆ ಮಧ್ಯಾಹ್ನ ಯಾರೂ ಮನೆಬಿಟ್ಟು ಹೊರಡುವುದಿಲ್ಲ. ಆ ಎರಡು ತಿಂಗಳಿಗೆ ದಾನಿಗಳ ಪಟ್ಟಿಯನ್ನು ಫೆಬ್ರುವರಿಯಲ್ಲೇ ಸಿದ್ಧ ಮಾಡಿಕೊಳ್ಳಿ. ಬಿಳಿ ರಕ್ತಕಣ ತೆಗೆದ ರಕ್ತ ಸಿಗುತ್ತದೆಯೇ, ಫಿಲ್ಟರ್ ಹಾಕುತ್ತಾರೆಯೇ ಎಂದೂ ಕೇಳಿ. ಚಳಿಜ್ವರ ಬರುವುದು ಬಹಳ ತಗ್ಗುತ್ತದೆ.

ಆದರೆ ಈ ದಾರಿಯಲ್ಲಿ ಮಕ್ಕಳನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಕಬ್ಬಿಣದ ಕೈಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಬ್ಯಾಗ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಮೂರು ವಾರಕ್ಕೊಂದು ಬ್ಯಾಗ್ ಎಂದರೆ ವರ್ಷಕ್ಕೆ 17 ಬ್ಯಾಗ್, ಹತ್ತಿರ ಹತ್ತಿರ ಮೂರೂವರೆ ಗ್ರಾಂ. ಒಬ್ಬ ದೊಡ್ಡ ಮನುಷ್ಯನ ಇಡೀ ಮೈಯಲ್ಲಿ ಇರುವ ಕಬ್ಬಿಣವೇ ಅಷ್ಟು. ಅದು ಹೋಗಿ ಯಕೃತ್ತಿನಲ್ಲಿ, ಹೃದಯದಲ್ಲಿ, ಹಾರ್ಮೋನ್ ಗ್ರಂಥಿಗಳಲ್ಲಿ ಕೂರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮಗು ಶಾಲೆಗೆ ಹೋಗುತ್ತದೆ, ಕುಂಟೆಬಿಲ್ಲೆ ಆಡುತ್ತದೆ. ಹೃದಯ ಸೋತಾಗಲೇ ಗೊತ್ತಾಗುವುದು.

ಅದಕ್ಕೆ ಕಬ್ಬಿಣ ಇಳಿಸುವ ಔಷಧ. ಡೆಫೆರಾಸಿರಾಕ್ಸ್ ಮಾತ್ರೆ ದಿನಕ್ಕೊಮ್ಮೆ. ಮಕ್ಕಳಿಗೆ ಹೆಚ್ಚಾಗಿ ಇದೇ. ನೀರಲ್ಲಿ ಕರಗುವ ಬಗೆಯದ್ದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕು. ಹಾಲಿನಲ್ಲಿ ಕಲಸಬಾರದು. ಕಿಡ್ನಿಯ ಕ್ರಿಯಾಟಿನಿನ್ ತಿಂಗಳಿಗೊಮ್ಮೆ, ಕಣ್ಣು-ಕಿವಿ ವರ್ಷಕ್ಕೊಮ್ಮೆ ನೋಡಿಸಬೇಕು. ಬೇಸಿಗೆಯಲ್ಲಿ ವಾಂತಿ-ಭೇದಿ ಹತ್ತಿಕೊಂಡರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಿ. ಮೈಯಲ್ಲಿ ನೀರಿಲ್ಲದಾಗ ಈ ಮಾತ್ರೆ ಕಿಡ್ನಿಗೆ ಭಾರ. ಎರಡನೆಯದು ಡೆಫೆರಿಪ್ರೋನ್, ದಿನಕ್ಕೆ ಮೂರು ಸಲ, ಹೃದಯದ ಕಬ್ಬಿಣಕ್ಕೆ ಒಳ್ಳೆಯದು. ಆದರೆ ಕೆಲವರಲ್ಲಿ ಬಿಳಿ ರಕ್ತಕಣ ಒಮ್ಮೆಲೇ ಕುಸಿಯುತ್ತದೆ. ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಲೇಬೇಕು. ಮೂತ್ರ ಕೆಂಪಾದರೆ ಹೆದರಬೇಡಿ, ಅದು ಔಷಧದ ಬಣ್ಣ. ಮೂರನೆಯದು ಡೆಸ್ಫೆರಾಲ್ ಇಂಜೆಕ್ಷನ್, ಚಿಕ್ಕ ಪಂಪ್ ಕಟ್ಟಿಕೊಂಡು ರಾತ್ರಿ 8ರಿಂದ 12 ಗಂಟೆ, ವಾರಕ್ಕೆ ಐದಾರು ರಾತ್ರಿ.

ನಾನು ಇಲ್ಲೇ ತಪ್ಪಿದ್ದು. ಮಗಳಿಗೆ ನಾಲ್ಕು ವರ್ಷವಿದ್ದಾಗ ಮಾತ್ರೆ ಕುಡಿದರೆ ಹೊಟ್ಟೆನೋವು ಎಂದು ಅಳುತ್ತಿದ್ದಳು. ಒಂದು ದಿನ ಬಿಟ್ಟೆ, ಎರಡು ದಿನ ಬಿಟ್ಟೆ, ಆಮೇಲೆ ಸುಮಾರು ಆರು ತಿಂಗಳು ಪೂರ್ತಿ ಬಿಟ್ಟುಹೋಯಿತು. ಮೈಯಲ್ಲಿ ಕೂಡಿದ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ ಎಂಬ ರಕ್ತಪರೀಕ್ಷೆಯಲ್ಲಿ 3400 ಬಂತು. ಸಾಮಾನ್ಯವಾಗಿ 1000ದ ಕೆಳಗೆ ಇರಿಸಲು ನೋಡುತ್ತಾರೆ; 2500 ದಾಟಿ ಅಲ್ಲೇ ನಿಂತರೆ ಹೃದಯಕ್ಕೆ ಅಪಾಯ. ಮತ್ತೆ 1200ಕ್ಕೆ ಇಳಿಸಲು ಎರಡೂವರೆ ವರ್ಷ ಹಿಡಿಯಿತು. ಈಗ ದಿನಾ ಬೆಳಿಗ್ಗೆ ಒಲೆಯ ಮೇಲೆ ಚಹಾಕ್ಕೆ ಇಡುವ ಮುಂಚೆ ಗಾಜಿನ ಲೋಟದಲ್ಲಿ ಮಾತ್ರೆ ಕರಗಲು ಹಾಕುತ್ತೇನೆ. ಕೆಳಗೆ ಉಳಿದ ಗಸಿಗೆ ಇನ್ನೊಂದಿಷ್ಟು ನೀರು ಹಾಕಿ ತಿರುವಿ ಅದನ್ನೂ ಕುಡಿಸುತ್ತೇನೆ. ಮುಂದೆ ಮಜ್ಜೆ ಕಸಿ ಮಾಡಿಸುವವರಿಗೂ, ಜೀನ್ ಚಿಕಿತ್ಸೆಗೆ ಕಾಯುವವರಿಗೂ ಈ ಲೋಟವೇ ಮೊದಲ ಚಿಕಿತ್ಸೆ. ಯಕೃತ್ತು ಗಟ್ಟಿಯಾದ ಮಗುವಿಗೆ ಆ ಎರಡೂ ದಾರಿ ಇಕ್ಕಟ್ಟಾಗುತ್ತವೆ.

ಸಾಕಷ್ಟು ರಕ್ತ, ತಪ್ಪದೆ ಮಾತ್ರೆ, ಸುಮಾರು 8-10ರ ವಯಸ್ಸಿನಿಂದ ಹೃದಯದಲ್ಲಿ ಕೂತ ಕಬ್ಬಿಣ ಅಳೆಯುವ ಟಿ2 ಸ್ಟಾರ್ ಎಂಆರ್‌ಐ, ಇಷ್ಟು ನಡೆದರೆ ಓದಿ, ಕೆಲಸ ಹಿಡಿದು, ಮದುವೆಯಾಗಿ ಬಾಳುವವರು ಬಹಳ ಜನ. ಇದನ್ನು "ಬರೀ ರಕ್ತದ ಮ್ಯಾಲೆ ಬದುಕೋದು" ಎಂದು ಕೀಳಾಗಿ ಕಾಣಬೇಡಿ. ರಕ್ತ ಏರಿಸುವುದನ್ನು ಕಡಿಮೆ ಮಾಡುವ ಔಷಧಗಳೂ ಇವೆ. ಥಾಲಿಡೋಮೈಡ್ ಕೆಲವು ಕಡೆ ಕೊಡುತ್ತಾರೆ. ಗರ್ಭದಲ್ಲಿರುವ ಮಗುವಿಗೆ ಅದು ಘೋರ, ನರಗಳಿಗೂ ತೊಂದರೆ. ತಜ್ಞರ ಕಣ್ಣಳತೆಯಲ್ಲೇ ಇರಬೇಕಾದ ಔಷಧ.

ಮಜ್ಜೆ ಕಸಿ

ಇಂದಿಗೆ ನಮ್ಮಂಥವರ ಕೈಗೆ ಎಟುಕುವ, ರೋಗವನ್ನು ಬೇರುಸಹಿತ ಕೀಳುವ ಚಿಕಿತ್ಸೆ ಇದೊಂದೇ. ಹೊಸದೇನಲ್ಲ. ತಲಸ್ಸೇಮಿಯಾಕ್ಕೆ ಮೊದಲ ಕಸಿಗಳು 1980ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್, ಇಟಲಿಯ ಪೆಸಾರೊದಲ್ಲಿ ಆದವು. ಮಜ್ಜೆ ಕಸಿಗೆ ಅಡಿಪಾಯ ಹಾಕಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ವೆಲ್ಲೂರಿನ ಸಿಎಂಸಿ ದಶಕಗಳಿಂದ ಮಾಡುತ್ತಿದೆ. ಬೆಂಗಳೂರು, ಹೈದರಾಬಾದಿನಲ್ಲೂ ಆಗುತ್ತದೆ.

ಎಲ್ಲವೂ ನಿಂತಿರುವುದು ಎಚ್‌ಎಲ್‌ಎ, ಅಂದರೆ ಕೋಶಗಳ ಮೇಲಿನ ಗುರುತುಗಳ, ಹೊಂದಾಣಿಕೆಯ ಮೇಲೆ. ರಕ್ತದ ಗುಂಪಿಗೂ ಇದಕ್ಕೂ ಸಂಬಂಧವಿಲ್ಲ. ಗುಂಪು ಬೇರೆಯಾದರೂ ಕಸಿ ಆಗುತ್ತದೆ. ಒಡಹುಟ್ಟಿದ ಪ್ರತಿಯೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ದಾನ ಮಾಡುವ ಮಗು ಮೈನರ್ ಇದ್ದರೂ ಅಡ್ಡಿಯಿಲ್ಲ. ಸಂಬಂಧದೊಳಗೆ ಮದುವೆಯಾದ ನಮ್ಮಂಥ ಮನೆಗಳಲ್ಲಿ ತಂದೆ-ತಾಯಿ, ಕಾಕಾ, ಅತ್ತೆಯ ಮಕ್ಕಳಲ್ಲೂ ಹೊಂದಾಣಿಕೆ ಸಿಗುವ ಅವಕಾಶ ಬೇರೆಯವರಿಗಿಂತ ಹೆಚ್ಚು, ಅವರನ್ನೂ ಪರೀಕ್ಷಿಸಬೇಕೇ ಎಂದು ಕೇಳಿ. ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ತಲಸ್ಸೇಮಿಯಾ ಕುಟುಂಬಗಳಿಗೆ ಉಚಿತ ಎಚ್‌ಎಲ್‌ಎ ಪರೀಕ್ಷೆಯ ಯೋಜನೆ ನಡೆಸುತ್ತದೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿದರೆ ಸಾಕು, ಸೂಜಿಯೂ ಬೇಡ.

ಪೂರ್ತಿ ಹೊಂದುವ ಒಡಹುಟ್ಟು, ಏಳು ವರ್ಷದೊಳಗಿನ ಮಗು, ಯಕೃತ್ತು ಚೆನ್ನಾಗಿದೆ. ಹೀಗಿದ್ದರೆ ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ರೋಗ ಬಿಟ್ಟು ಮನೆಗೆ ಬರುತ್ತಾರೆ. ಯಕೃತ್ತು ದಪ್ಪವಾಗಿದೆಯೇ, ಅದರಲ್ಲಿ ನಾರು ಕಟ್ಟಿದೆಯೇ, ಕಬ್ಬಿಣದ ಮಾತ್ರೆ ತಪ್ಪಿಸಿದ್ದಾರೆಯೇ ಎಂಬ ಮೂರರ ಮೇಲೆ ಪೆಸಾರೊದವರು ಅಪಾಯದ ದರ್ಜೆ ಕಟ್ಟಿದ್ದರು. ಮೂರನೆಯದು ನಮ್ಮ ಕೈಯಲ್ಲೇ ಇರುವುದು. ಉಳಿದ ಒಂದೋ ಎರಡೋ ಮಕ್ಕಳ ಮಾತನ್ನೂ ಡಾಕ್ಟರ ಮುಂದೆ ಕೂತು ಕೇಳಿಸಿಕೊಳ್ಳಬೇಕು. ಕಸಿ ಹಿಡಿಯದೆ ಮತ್ತೆ ರಕ್ತಕ್ಕೆ ಮರಳುವವರಿದ್ದಾರೆ, ಸೋಂಕಿನಿಂದಲೋ ಹೊಸ ಮಜ್ಜೆ ಮೈಯ ಮೇಲೆಯೇ ತಿರುಗಿ ಬೀಳುವುದರಿಂದಲೋ ತೀರಿಕೊಳ್ಳುವವರೂ ಇದ್ದಾರೆ. ರಕ್ತದ ಮೇಲೆ ಆರಾಮಾಗಿರುವ ಮಗುವನ್ನು ನಾವೇ ಕೈಯಾರೆ ಆ ಅಪಾಯಕ್ಕೆ ಒಡ್ಡುತ್ತೇವೆ. ಈ ನಿರ್ಧಾರ ಭಾರವಾಗುವುದು ಅದಕ್ಕೇ.

ನಮಗೆ ಪರಿಚಯದ, ಬೀದರ್ ಜಿಲ್ಲೆಯ ಔರಾದ್ ಕಡೆಯ ಒಂದು ಕುಟುಂಬಕ್ಕೆ ಆರು ವರ್ಷದ ಮಗಳಿಗೆ ಅಣ್ಣ ಪೂರ್ತಿ ಹೊಂದಿದ. ಬೆಂಗಳೂರಿನಲ್ಲಿ ಮೊದಲು ಹತ್ತು ದಿನ ಕೀಮೋ, ಹಳೆಯ ಮಜ್ಜೆ ತೆರವು ಮಾಡಲು. ಆಮೇಲೆ ಅಣ್ಣನಿಗೆ ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ಎರಡು ದಿನ ಸೊಂಟ ನೋವು, ನಾಲ್ಕನೇ ದಿನ ಕಾರಿಡಾರಿನಲ್ಲಿ ಓಡಾಡುತ್ತಿದ್ದ. ಅವನ ಮಜ್ಜೆ ಮತ್ತೆ ತುಂಬಿಕೊಳ್ಳುತ್ತದೆ. ಹುಡುಗಿಗೆ ಏರಿಸಿದ್ದು ನೋಡಲು ಒಂದು ಬ್ಯಾಗ್ ರಕ್ತದಂತೆಯೇ ಇತ್ತಂತೆ. "ಇಷ್ಟಕ್ಕ ಇಷ್ಟೆಲ್ಲಾ ಅಂತ ಅನಿಸ್ತು, ಆದ್ರ ಖರೆ ತ್ರಾಸು ಆಮ್ಯಾಲೆ" ಎಂದರು ಅವಳ ಅವ್ವ. ಬಾಯಲ್ಲಿ ಹುಣ್ಣು, ಹನಿ ನೀರೂ ಇಳಿಯದು, ಕೂದಲು ಉದುರಿತು. ಹೊಸ ಮಜ್ಜೆ ಕೆಲಸ ಶುರು ಮಾಡಲು ಮೂರು ವಾರ ಹಿಡಿಯಿತು. ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು, ಹತ್ತಿರದ ಬಾಡಿಗೆ ಖೋಲಿಯಲ್ಲಿ ಮತ್ತೆ ಮೂರು ತಿಂಗಳು. ತೊಗರಿ ರಾಶಿಯ ಹೊತ್ತಿಗೆ ಅವರ ಅಪ್ಪ ಊರಲ್ಲಿರಲಿಲ್ಲ. ಒಂದು ವರ್ಷ ಜಾತ್ರೆ, ಮದುವೆ, ಶಾಲೆ ಯಾವುದೂ ಇಲ್ಲ. ಚಿಕ್ಕಂದಿನ ಲಸಿಕೆಗಳನ್ನೆಲ್ಲ ಮೊದಲಿನಿಂದ ಹಾಕಿಸಬೇಕಾಯಿತು. ಈಗ ಎರಡು ವರ್ಷದಿಂದ ಒಂದು ಹನಿ ರಕ್ತ ಏರಿಸಿಲ್ಲ. ಹಳೆಯ ಕಬ್ಬಿಣ ಇಳಿಸಲು ಅವಳಿಂದಲೇ ಆಗಾಗ ರಕ್ತ ತೆಗೆಯುತ್ತಿದ್ದಾರೆ. ಅದನ್ನು ಕೇಳಿದ ದಿನ ನಾನು ಅತ್ತೆ.

ಒಂದು ಮಾತನ್ನು ಅವರಿಗೆ ಮೊದಲು ಯಾರೂ ಬಿಡಿಸಿ ಹೇಳಿರಲಿಲ್ಲ: ಆ ಕೀಮೋದಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾಗಬಹುದು. ಹೆಣ್ಣುಮಗುವಿಗೂ ಗಂಡುಮಗುವಿಗೂ ಇದನ್ನು ಕೇಳಿಕೊಂಡೇ ಒಪ್ಪಿಗೆಗೆ ಸಹಿ ಹಾಕಿ.

ಖರ್ಚು ಪೂರ್ತಿ ಹೊಂದಿದ ಒಡಹುಟ್ಟಿನಿಂದ ಸಾಮಾನ್ಯವಾಗಿ 10ರಿಂದ 15 ಲಕ್ಷ. 2017ರಲ್ಲಿ ಶುರುವಾದ, ಕೋಲ್ ಇಂಡಿಯಾ ಹಣ ಕೊಡುವ ತಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 12 ವರ್ಷದೊಳಗಿನ ಮಕ್ಕಳ ಕಸಿಗೆ 10 ಲಕ್ಷದ ತನಕ ನೆರವಿದೆ. ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ನಾರಾಯಣ ಹೃದಯಾಲಯ ಆ ಪಟ್ಟಿಯಲ್ಲಿವೆ. ಅರ್ಜಿ ಹೋಗುವುದು ಆಸ್ಪತ್ರೆಯ ಮೂಲಕವೇ. ಮಧ್ಯೆ ಯಾರಿಗೂ ದುಡ್ಡು ಕೊಡಬೇಡಿ. ಬಾಡಿಗೆ, ಓಡಾಟ, ಹೋದ ಕೂಲಿ ಮಾತ್ರ ಯಾವ ಯೋಜನೆಯಲ್ಲೂ ಬರುವುದಿಲ್ಲ, ಅದನ್ನು ಬೇರೆ ಕೂಡಿಡಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ತಲಸ್ಸೇಮಿಯಾ ರೋಗಿಗೂ ಜೊತೆಗೊಬ್ಬರಿಗೂ ಟಿಕೆಟ್ ರಿಯಾಯಿತಿ ಇದೆ. 2016ರ ಕಾಯ್ದೆಯಲ್ಲಿ ತಲಸ್ಸೇಮಿಯಾ ಅಂಗವೈಕಲ್ಯಗಳ ಪಟ್ಟಿಗೆ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಳ್ಳಿ.

ನಮ್ಮ ಮಗ ಅಕ್ಕನಿಗೆ ಅರ್ಧ ಮಾತ್ರ ಹೊಂದಿದ. ಅರ್ಧ ಹೊಂದಾಣಿಕೆಯ ಕಸಿಯೂ ಈಗ ಆಗುತ್ತದೆ, ಅಪ್ಪ-ಅವ್ವ ಎಲ್ಲರೂ ಅರ್ಧ ಹೊಂದಿಯೇ ಹೊಂದುತ್ತಾರೆ. ಆದರೆ ಅಪಾಯ ಹೆಚ್ಚು, ಖರ್ಚು ಎರಡರಷ್ಟೂ ಆಗಬಹುದು. ರಕ್ತದ ಮೇಲೆ ಚೆನ್ನಾಗಿರುವ ಮಗುವಿಗೆ ನಾನು ಅದನ್ನು ಒಪ್ಪಲಿಲ್ಲ. ಹೊರಗಿನ ದಾನಿಗಳ ನೋಂದಣಿಯಲ್ಲೂ ಹುಡುಕಿಸಿದೆವು, ಸಿಗಲಿಲ್ಲ.

"ಇನ್ನೊಂದು ಹಡಿ, ಅದರ್ದು ಹೊಂದಬಹುದು" ಎಂದು ನಮ್ಮತ್ತೆ, ಅಂದರೆ ನನ್ನ ಅಜ್ಜಿಯೇ, ಹೇಳಿದರು. ಕೂಸು ಮೇಜರ್ ಆಗದೆ ಇರುವುದು ನಾಲ್ಕರಲ್ಲಿ ಮೂರು, ಹೊಂದುವುದು ನಾಲ್ಕರಲ್ಲಿ ಒಂದು. ಎರಡೂ ಒಟ್ಟಿಗೆ ಕೂಡಿಬರುವುದು 16ರಲ್ಲಿ 3. ಅಜ್ಜಿಗೆ ಹದಿನಾರು ಕಡಲೆಕಾಳು ಸಾಲಾಗಿ ಇಟ್ಟು ಮೂರನ್ನು ಪಕ್ಕಕ್ಕೆ ಸರಿಸಿ ತೋರಿಸಿದೆ. ಆಮೇಲೆ ಆ ಮಾತು ಎತ್ತಲಿಲ್ಲ. ಬೇರೆ ಕಾರಣಕ್ಕೆ ಮಗು ಬೇಕಿದ್ದರೆ ಬಸಿರಿನ 11-12ನೇ ವಾರದಲ್ಲೇ ಗರ್ಭಪೊರೆಯ ಚೂರು ತೆಗೆದು ಪರೀಕ್ಷಿಸುತ್ತಾರೆ. ಮಗನ ಹೊತ್ತಿಗೆ ನಾವು ಹೈದರಾಬಾದಿಗೆ ಹೋಗಿ ಅದನ್ನು ಮಾಡಿಸಿಕೊಂಡೇ ಬಂದೆವು.

ಜೀನ್ ಚಿಕಿತ್ಸೆ

ಮೊಬೈಲಿನಲ್ಲಿ "ಒಂದೇ ಇಂಜೆಕ್ಷನ್‌ಗೆ ತಲಸ್ಸೇಮಿಯಾ ಮಾಯ" ಎಂದು ಬರುವ ವಿಡಿಯೊಗಳ ಹಿಂದೆ ನಿಜವಾದ ವಿಜ್ಞಾನವಿದೆ. ಗರ್ಭದಲ್ಲಿರುವ ಕೂಸಿಗೆ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದೆ, ಅದಕ್ಕೆ ಬೀಟಾ ಗ್ಲೋಬಿನ್ ಬೇಕಿಲ್ಲ. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನ್ ಅದನ್ನು ಆರಿಸಿಬಿಡುತ್ತದೆ. ಕ್ಯಾಸ್ಗೆವಿ ಎಂಬ ಚಿಕಿತ್ಸೆಯಲ್ಲಿ ರೋಗಿಯ ಆಕರ ಕೋಶಗಳನ್ನು ತೆಗೆದು, ಕ್ರಿಸ್ಪರ್ ಎಂಬ ಕತ್ತರಿಯಿಂದ ರಕ್ತಕಣಗಳಲ್ಲಿ ಆ ಜೀನ್ ಕೆಲಸ ಮಾಡದಂತೆ ಮಾಡಿ, ಹಿಂದಿರುಗಿಸುತ್ತಾರೆ. ಹಳೆಯ ಹಿಮೋಗ್ಲೋಬಿನ್ ಮತ್ತೆ ಹೊತ್ತಿಕೊಳ್ಳುತ್ತದೆ. 2023ರ ನವೆಂಬರಿನಲ್ಲಿ ಬ್ರಿಟನ್, 2024ರ ಜನವರಿಯಲ್ಲಿ ಅಮೆರಿಕ ತಲಸ್ಸೇಮಿಯಾಕ್ಕೆ ಇದನ್ನು ಒಪ್ಪಿದವು, 12 ವರ್ಷ ದಾಟಿದವರಿಗೆ. ಕ್ರಿಸ್ಪರ್ ಕಂಡುಹಿಡಿದ ಇಬ್ಬರು ಮಹಿಳಾ ವಿಜ್ಞಾನಿಗಳಿಗೆ 2020ರಲ್ಲಿ ನೊಬೆಲ್ ಬಂದಿತ್ತು.

ಮಜ್ಜೆ ಕಸಿಯ ಪಕ್ಕ ಇಟ್ಟು ನೋಡಿ. ದಾನಿ ಬೇಡ, ತನ್ನದೇ ಕೋಶವಾದ್ದರಿಂದ ಮೈಯ ಮೇಲೆ ತಿರುಗಿ ಬೀಳುವ ಭಯವಿಲ್ಲ. ನನ್ನ ಮಗಳಂತೆ ಹೊಂದಾಣಿಕೆ ಸಿಗದವರಿಗೆ ಅದು ಎಷ್ಟು ದೊಡ್ಡದೆಂದು ನನಗೆ ಗೊತ್ತು. ಆದರೆ ಕೀಮೋ ತಪ್ಪುವುದಿಲ್ಲ, ಆಸ್ಪತ್ರೆವಾಸವೂ ಸಂತಾನದ ಚಿಂತೆಯೂ ಇದ್ದೇ ಇವೆ. "ಒಂದೇ ಇಂಜೆಕ್ಷನ್" ಎಂಬುದು ಸುಳ್ಳು. ಬೆಲೆ 22 ಲಕ್ಷ ಡಾಲರ್, ನಮ್ಮ ದುಡ್ಡಿನಲ್ಲಿ 18 ಕೋಟಿಗೂ ಮೇಲೆ. ಭಾರತದಲ್ಲಿ 2025ರ ನವೆಂಬರಿನಲ್ಲಿ ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಯ ಬಿರ್ಸಾ 101 ಎಂಬ ಕ್ರಿಸ್ಪರ್ ಚಿಕಿತ್ಸೆ ಪ್ರಕಟವಾಯಿತು. ಅದು ಸಿಕಲ್ ಸೆಲ್ ಎಂಬ ಇನ್ನೊಂದು ಹಿಮೋಗ್ಲೋಬಿನ್ ರೋಗಕ್ಕೆ. ಅಂಥ ಕೆಲಸ ನಮ್ಮ ನೆಲದಲ್ಲೇ ನಡೆಯುತ್ತಿರುವುದರಿಂದಲೇ ನಾನು ಕಾಯುವ ಧೈರ್ಯ ಮಾಡಿದ್ದೇನೆ. ಹೊಂದುವ ಅಣ್ಣನೋ ತಂಗಿಯೋ ಇರುವ ಚಿಕ್ಕ ಮಗುವಿಗೆ ಮಾತ್ರ ಇದಕ್ಕಾಗಿ ಕಾಯಬೇಡಿ. ಕಸಿಗೆ ಒಳ್ಳೆಯ ವಯಸ್ಸು ಕೈತಪ್ಪುತ್ತದೆ.

ಸ್ಟೆಮ್ ಸೆಲ್ ಹೆಸರಿನಲ್ಲಿ ಬರುವವರು

ಮಗ ಹುಟ್ಟುವ ಮುಂಚೆ ಒಬ್ಬ ಏಜೆಂಟ್ ಮನೆಗೆ ಬಂದು, ಹೊಕ್ಕುಳಬಳ್ಳಿಯ ರಕ್ತ ಕಂಪನಿಯಲ್ಲಿ ಇಟ್ಟರೆ ಮುಂದೆ 80 ರೋಗಕ್ಕೆ ಮದ್ದು ಎಂದ. ಕಂತಿನಲ್ಲಿ ಕಟ್ಟಬಹುದೆಂದ. ಮಗುವಿಗೆ ಜೀನಿನ ರೋಗವಿದ್ದರೆ ಅದರ ಹೊಕ್ಕುಳಬಳ್ಳಿಯಲ್ಲೂ ಅದೇ ಕೆಟ್ಟ ಜೀನ್ ಇರುತ್ತದೆ, ಆ ಮಗುವಿನ ಚಿಕಿತ್ಸೆಗೇ ಅದು ಉಪಯೋಗಕ್ಕೆ ಬರುವುದಿಲ್ಲ. ಖಾಸಗಿಯಾಗಿ ಹೀಗೆ ಕೂಡಿಡುವುದನ್ನು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಆಗಲಿ ಭಾರತೀಯ ಮಕ್ಕಳ ತಜ್ಞರ ಸಂಘವಾಗಲಿ ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ತಲಸ್ಸೇಮಿಯಾ ಮಗುವಿದ್ದು, ಹುಟ್ಟಲಿರುವ ಕೂಸಿನ ಬಳ್ಳಿಯ ರಕ್ತ ಆ ಮಗುವಿನ ಉಪಯೋಗಕ್ಕೆ ಬರಬಹುದು ಎನ್ನುವ ಸಂದರ್ಭ ಬೇರೆ. ಅದನ್ನು ಕಸಿ ಮಾಡುವ ಡಾಕ್ಟರೇ ಹೇಳಬೇಕು, ಏಜೆಂಟ್ ಅಲ್ಲ.

ಇನ್ನು ಕೀಮೋ ಇಲ್ಲದೆ, ದಾನಿ ಇಲ್ಲದೆ, ಬರೀ ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ತಲಸ್ಸೇಮಿಯಾ, ಆಟಿಸಂ, ಮಂಡಿನೋವು ಎಲ್ಲಕ್ಕೂ ಪರಿಹಾರ ಎನ್ನುವ ಕ್ಲಿನಿಕ್‌ಗಳು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಒಪ್ಪಿತ ಆಕರ ಕೋಶ ಚಿಕಿತ್ಸೆ ಎಂದರೆ ರಕ್ತರೋಗಗಳಿಗೆ ಮಾಡುವ ಈ ಮಜ್ಜೆ ಕಸಿಯಂಥದ್ದು ಮಾತ್ರ. ಉಳಿದದ್ದು ನಡೆಯಬೇಕಾದರೆ ನೋಂದಾಯಿತ ಪ್ರಯೋಗದೊಳಗೆ, ರೋಗಿಯಿಂದ ಹಣ ತೆಗೆದುಕೊಳ್ಳದೆ. "ಪ್ರಯೋಗ ಅದ, ಆರು ಲಕ್ಷ ಕಟ್ರಿ" ಎಂದರೆ ಎದ್ದು ಬನ್ನಿ.

ಬೀದರ್, ಯಾದಗಿರಿ ಕಡೆಯ ಕೆಲವರ ರಿಪೋರ್ಟಿನಲ್ಲಿ ಸಿಕಲ್ ಸೆಲ್ ಎಂದಿರುತ್ತದೆ. ಅವರ ಲೆಕ್ಕ ಬೇರೆ. ಅಲ್ಲಿ ಮೊದಲು ಹೈಡ್ರಾಕ್ಸಿಯೂರಿಯಾ ಮಾತ್ರೆ, ಅದು ನೋವಿನ ದಾಳಿಗಳನ್ನು ತಗ್ಗಿಸುತ್ತದೆ. ನಾನು ಮೇಲೆ ಬರೆದ ರಕ್ತದ ವೇಳಾಪಟ್ಟಿಯನ್ನು ಅವರು ಹಿಡಿಯಬಾರದು.

ಹೋದ ವಾರ ಶಹಾಪುರ ಕಡೆಯ ತಾಯಿ ಪಕ್ಕದಲ್ಲಿ ಕೂತಿದ್ದರು. ಕೂಸಿಗೆ ಎರಡು ವರ್ಷ, ಐದನೆಯ ಬ್ಯಾಗ್ ರಕ್ತ. ಫೈಲ್ ತೆರೆದು ನೋಡಿದೆ, ಎಚ್‌ಪಿಎಲ್‌ಸಿ ಇತ್ತು, ಫೆರಿಟಿನ್ ಇನ್ನೂ ಮಾಡಿಸಿರಲಿಲ್ಲ. ಹತ್ತು ಬ್ಯಾಗ್ ಆಗುವ ಹೊತ್ತಿಗೆ ಅದನ್ನು ನೋಡಿಸಿ ಮಾತ್ರೆಯ ಮಾತು ಎತ್ತಬೇಕೆಂದು ಫೈಲಿನ ಮೇಲೇ ಬರೆದುಕೊಟ್ಟೆ. ಮೇಲೆ ಯಾರಾದರೂ ಇದ್ದಾರೇನು ಎಂದು ಕೇಳಿದರೆ, "ಒಬ್ಬ ಅಣ್ಣ ಇದ್ದಾನ್ರಿ, ಅವಗ ಏನೂ ಇಲ್ಲ, ಚಂದ ಇದ್ದಾನ, ಅದಕ್ಕ ಅವನ್ನ ಕರಕೊಂಡೇ ಬಂದಿಲ್ಲ" ಎಂದರು. ಮುಂದಿನ ಸಲ ಅವನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.